ಅಮ್ಮನ ಬಿಸಿನೆಸ್ ಕ್ಲಾಸು

ಇವತ್ತು ಸ್ಟಾಫ್ ರೂಮಿನಲ್ಲಿ ನಾಗರಾಜ್ ಮೇಷ್ಟ್ರು ಒಂದು ಪ್ರಶ್ನೆ ಎತ್ತಿದರು. ನಾಗರಾಜ್ ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹೆಂಡತಿಗೆ ದೆಹಲಿ, ಆಗ್ರಾ ತೋರಿಸಿಕೊಂಡು ಬರುವ ಹುರುಪಿನಲ್ಲಿದ್ದರು.

“ಸರ್ಕಾರದ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಅಂತ ಇರುತ್ತಲ್ಲ, ಅದಕ್ಕೆ ಮಾಮೂಲಿ ಟಿಕೆಟ್ಟಿನ ಮೂರು ಪಟ್ಟು ಕೇಳ್ತಾರೆ. ಕೊಟ್ರೆ ದುಡ್ಡು ವಸೂಲಾಗುತ್ತಾ?” ಎಂದರು.

ವಿಜ್ಞಾನದ ಮೇಡಂ ಬಿದ್ದು ಬಿದ್ದು ನಕ್ಕರು. “ಮುಂದಿನ ಸೀಟಿನೋರು ಅರ್ಧ ಗಂಟೆ ಮುಂಚೆ ಡೆಲ್ಲಿ ಸೇರ್ತಾರಾ ಸಾರ್? ಎಲ್ಲಾರೂ ಒಟ್ಟಿಗೇ ಇಳೀಬೇಕು ತಾನೆ?”

ಊಟ ಚೆನ್ನಾಗಿರುತ್ತಂತೆ ಎಂದು ಡ್ರಿಲ್ ಮೇಷ್ಟ್ರು ಮಾತ್ರ ಗಂಭೀರವಾಗಿ ಹೇಳಿದರು. ಇಂಥ ಒಂದು ಪ್ರಶ್ನೆಗೆ ನಾನು ವರ್ಷಗಟ್ಟಲೆ ಕಾದಿದ್ದೆ. ಗಂಟಲು ಸರಿಮಾಡಿಕೊಂಡು, “ವಸೂಲಾಗುತ್ತೆ. ನಮ್ಮನೇಲಿ ಒಬ್ರು ಹೋಗಿದಾರೆ” ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯಾಚೆ ನಿಂತಿದ್ದ ನನ್ನ ಸ್ಕೂಟರನ್ನು ನೋಡಿದರು. ಎಡಕ್ಕೆ ವಾಲಿಸಿ ಎರಡು ನಿಮಿಷ ಹಿಡಿಯದಿದ್ದರೆ ಸ್ಟಾರ್ಟ್ ಆಗದ ಸ್ಕೂಟರು ಅದು. ಅದಕ್ಕೂ ಬಿಸಿನೆಸ್ ಕ್ಲಾಸಿಗೂ ಏನು ಸಂಬಂಧ ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಲ್ಲ. ಸಂಬಂಧ ಇದೆ, ಹೇಳುತ್ತೇನೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಂಟನೇ ತರಗತಿಗೆ ಬೀಜಗಣಿತ ಮಾಡಲು ಹೋದೆ.

ಸಂಜೆ ಆರ್‌ಪಿಸಿ ಲೇಔಟಿನ ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಿಂದ ಕೀ ಇಸಿದುಕೊಂಡು ಒಳಗೆ ಹೋದವನೇ ಕಾಫಿಯನ್ನೂ ಮಾಡಿಕೊಳ್ಳದೆ ನನ್ನ ಹಳೆಯ ಲಾಗರಿದಮ್ ಪುಸ್ತಕ ಹುಡುಕಿದೆ. ಅದನ್ನು ಈಗ ಯಾರೂ ಮುಟ್ಟುವುದಿಲ್ಲ, ಆದ್ದರಿಂದ ನನ್ನ ಮುಖ್ಯವಾದ ಕಾಗದಗಳೆಲ್ಲ ಅದರಲ್ಲೇ ಇರುತ್ತವೆ. ಪುಟ ಬಿಡಿಸಿದ ಕೂಡಲೇ ಕಾರ್ಡು ಸಿಕ್ಕಿತು. ತಿಳಿ ಗುಲಾಬಿ ಬಣ್ಣದ ವಿಸಿಟಿಂಗ್ ಕಾರ್ಡು. ಅದರ ಮೇಲೆ ಹೀಗಿದೆ:

ಪದ್ಮಾ ಕುಚ್ಚು ಸೆಂಟರ್
ಮಾಲೀಕರು: ಶ್ರೀಮತಿ ಪದ್ಮಮ್ಮ
ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಿಕೊಡಲಾಗುವುದು.
ಸೀರೆಯನ್ನು ಮನೆಗೇ ತಂದುಕೊಡತಕ್ಕದ್ದು. ನಾವು ಎಲ್ಲಿಗೂ ಬರುವುದಿಲ್ಲ.

ಪದ್ಮಮ್ಮ ಅಂದರೆ ನಮ್ಮಮ್ಮ. ಸೆಂಟರ್ ಅಂದರೆ ನಮ್ಮ ನಡುಮನೆಯ ಕಿಟಕಿ. ಬೇರೆ ಬೋರ್ಡು, ಅಂಗಡಿ ಏನೂ ಇಲ್ಲ. ಹೊಸ ಸೀರೆಯ ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳು ಜೋಲಾಡುತ್ತಿರುತ್ತವಲ್ಲ, ಅವನ್ನು ಹಾಗೇ ಬಿಟ್ಟರೆ ಸೀರೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅವನ್ನು ಸಣ್ಣ ಸಣ್ಣ ಜಡೆಗಳಾಗಿ ವಿಂಗಡಿಸಿ ಗಂಟು ಹಾಕುವುದು ಅಮ್ಮನ ಕೆಲಸ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವರ ಪೆನ್ಷನ್ನು ಬಾಡಿಗೆಗೆ ಸರಿಹೋಗುತ್ತಿತ್ತು. ಮಿಕ್ಕಿದ್ದಕ್ಕೆಲ್ಲ ಈ ಗಂಟುಗಳೇ ಗತಿ. ನಾನು ಓದಿದ್ದು, ನನ್ನ ಮೊದಲ ಪ್ಯಾಂಟು, ಈ ಲಾಗರಿದಮ್ ಪುಸ್ತಕ, ಎಲ್ಲ ಅದರಿಂದಲೇ.

ಆಗ ನಮ್ಮದು ಒಂದೇ ಕೋಣೆಯ ಮನೆ. ನಡುವೆ ಹಳೆಯ ಸೀರೆಯನ್ನೇ ಪರದೆ ಕಟ್ಟಿ ಎರಡು ಮಾಡಿದ್ದರು. ಪರದೆಯ ಆಚೆ ಅಡುಗೆ ಮತ್ತು ಅಮ್ಮನ ಕುಚ್ಚು, ಈಚೆ ನಾನು ಮತ್ತು ನನ್ನ ಮಗ್ಗಿ. ಹದಿನೇಳರ ಮಗ್ಗಿ ಇನ್ನೇನು ಬಾಯಿಗೆ ಹತ್ತಿತು ಅನ್ನುವಾಗ ಆಚೆಯಿಂದ ಕೂಗು ಬರುತ್ತಿತ್ತು, “ಬಾರೋ, ದಾರ ಹಿಡ್ಕೋ.” ಕಿಟಕಿಯ ಸರಳಿಗೆ ಸೆರಗು ಕಟ್ಟಿ, ಬಾಚಣಿಗೆಯಲ್ಲಿ ಎಳೆ ಬಿಡಿಸಿ, ಒಂದೊಂದು ಹಿಡಿಯಾಗಿ ನನ್ನ ಕೈಗೆ ಕೊಡುತ್ತಿದ್ದಳು. ಬಿಗಿಯಾಗಿ ಹಿಡಿದು ಅಲುಗಾಡದೆ ನಿಲ್ಲಬೇಕು. ಮೂಗು ಕೆರೆಯುವ ಹಾಗಿಲ್ಲ. ನಮ್ಮ ಬೀದಿಯ ಹುಡುಗರು ಹೊರಗೆ ಚಿನ್ನಿದಾಂಡು ಆಡುತ್ತಿದ್ದರೆ ನಾನು ಯಾರೋ ಮದುಮಗಳ ಸೆರಗು ಹಿಡಿದು ನಿಂತಿರುತ್ತಿದ್ದೆ. ಇಂದಿಗೂ ನನಗೆ ಹದಿನೇಳರ ಮಗ್ಗಿಯಲ್ಲಿ ಎಂಟರಾಚೆ ತಡವರಿಕೆ. ಗಣಿತದ ಮೇಷ್ಟ್ರಾಗಿ ಇದನ್ನು ಬರೆದು ಒಪ್ಪಿಕೊಳ್ಳಬಾರದಿತ್ತೇನೋ.

ಕಾರ್ಡಿನ ಕೊನೆಯ ಸಾಲಿಗೆ ಬರುತ್ತೇನೆ. ‘ನಾವು ಎಲ್ಲಿಗೂ ಬರುವುದಿಲ್ಲ.’ ಇದರಲ್ಲಿ ಜಂಬವೇನೂ ಇಲ್ಲ. ಕಾರ್ಡು ಅಚ್ಚಾಗುವುದಕ್ಕೆ ಮೂರು ವರ್ಷ ಹಿಂದೆ ಮನೆಯ ಮುಂದಿನ ಚರಂಡಿಯ ಚಪ್ಪಡಿ ಮೇಲೆ ಅಮ್ಮ ಜಾರಿ ಬಿದ್ದಿದ್ದಳು. ಬಲ ಮಂಡಿಯ ಚಿಪ್ಪು ಚೂರಾಗಿತ್ತು. ಆಪರೇಷನ್ ಆಯಿತು, ನೋವು ಹೋಯಿತು, ಆದರೆ ಕಾಲು ಮಡಚುವುದನ್ನೇ ಬಿಟ್ಟಿತು. ಒಂದು ಕೋಲು ಹಿಡಿದು ನಡೆಯುತ್ತಾಳೆ, ನಿಲ್ಲುತ್ತಾಳೆ. ಕೂತರೆ ಮಾತ್ರ ಕಾಲು ಮುಂದಕ್ಕೆ ನೆಟ್ಟಗೆ ಚಾಚಿಕೊಂಡೇ ಇರುತ್ತದೆ. ಒಂದು ಸ್ಟೂಲಿನ ಮೇಲೆ ಕೂತು, ಇನ್ನೊಂದರ ಮೇಲೆ ಕಾಲಿಟ್ಟು, ಆ ಕಾಲಿನ ಮೇಲೇ ಸೀರೆ ಹರಡಿಕೊಂಡು ಕುಚ್ಚು ಕಟ್ಟುವುದನ್ನು ಬೇಗ ಕಲಿತಳು. “ದೇವ್ರು ಸ್ಟ್ಯಾಂಡು ಕೊಟ್ಟಿದಾನೆ, ಇನ್ನು ನೀನು ಬೇಡ ಬಿಡೋ” ಎಂದು ನನ್ನನ್ನು ಗೇಲಿ ಮಾಡುತ್ತಿದ್ದಳು.

ಮನೆಯೊಳಗೆ ಇಷ್ಟು ಗಟ್ಟಿಯಾಗಿದ್ದವಳು ಗೇಟು ದಾಟಿದರೆ ಕುಗ್ಗಿಹೋಗುತ್ತಿದ್ದಳು. ಬಸವೇಶ್ವರನಗರದ ಒಂದು ಛತ್ರದಲ್ಲಿ ಆದ ಸಂಗತಿ ಅದಕ್ಕೆ ಕಾರಣ. ಮದುವೆ ಊಟ, ಅಮ್ಮ ಪಂಕ್ತಿಯ ಕೊನೆಯಲ್ಲಿ ಕೂತಿದ್ದಳು, ಕಾಲು ಓಡಾಡುವ ಜಾಗಕ್ಕೆ ಚಾಚಿತ್ತು. ಪಾಯಸದ ಬಕೀಟು ಹಿಡಿದು ಓಡಿ ಬಂದ ಬಡಿಸುವವನು ಎಡವಿ ಬಿದ್ದ. ಪಾಯಸ ಗಂಡಿನ ಸೋದರತ್ತೆಯ ಮಡಿಲಿಗೆ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸೋದರತ್ತೆ, “ಕಾಲು ಸರಿಯಿಲ್ದೋರು ಮನೇಲಿರ್ಬೇಕಪ್ಪ” ಎಂದುಬಿಟ್ಟರು. ಅಮ್ಮ ಎಲೆಯ ಮುಂದಿನಿಂದ ಎದ್ದಳು. ಅವತ್ತಿನಿಂದ ಮದುವೆ ಇಲ್ಲ, ದೇವಸ್ಥಾನ ಇಲ್ಲ, ಮಾರ್ಕೆಟ್ಟೂ ಇಲ್ಲ. ಅವಳು ಕಟ್ಟಿದ ಕುಚ್ಚುಗಳು ವಿಜಯನಗರ, ರಾಜಾಜಿನಗರ, ಕೆಂಗೇರಿಯ ಛತ್ರಗಳಿಗೆಲ್ಲ ಹೋಗಿ ಬರುತ್ತಿದ್ದವು. ಅವಳು ಮಾತ್ರ ಹೋಗುತ್ತಿರಲಿಲ್ಲ. ನಾನೂ ನನ್ನ ಹೆಂಡತಿ ಸುಮಾಳೂ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಹೀಗಿರುವಾಗ ದೆಹಲಿಯಿಂದ ರತ್ನ ಚಿಕ್ಕಮ್ಮನ ಫೋನು ಬಂತು.

ರತ್ನ ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಇಪ್ಪತ್ತಮೂರಕ್ಕೇ ಗಂಡನನ್ನು ಕಳೆದುಕೊಂಡವಳು. ಮೂಲೆ ಹಿಡಿದು ಕೂತಿದ್ದ ಅವಳನ್ನು ಅಮ್ಮ ಎಬ್ಬಿಸಿ, ನೆಂಟರಿಷ್ಟರ ಬಾಯಿಗೆ ಬಿದ್ದು, ನರ್ಸಿಂಗ್ ಓದಿಸಿದಳು. ಚಿಕ್ಕಮ್ಮ ದೆಹಲಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ಹೆಡ್ ನರ್ಸ್ ಆದಳು. ಈಗ ಐವತ್ತರ ಹೊಸ್ತಿಲಲ್ಲಿ ಮದುವೆಯಾಗುತ್ತೇನೆ ಅಂದಳು. ಗಂಡು ಅದೇ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿದ್ದ ಬಿಷ್ಟ್ ಎಂಬುವರು, ಬೆಟ್ಟದ ಸೀಮೆಯ ಕಡೆಯವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಮ್ಮ ಖುಷಿಯಲ್ಲಿ ಅತ್ತು, ಅವರನ್ನು ಆ ಗಳಿಗೆಯಿಂದಲೇ ‘ಬಿಷ್ಟಪ್ಪನೋರು’ ಎಂದು ಕರೆಯತೊಡಗಿದಳು. ಮಿಕ್ಕ ನೆಂಟರೆಲ್ಲ ಈ ವಯಸ್ಸಿನಲ್ಲಿ ಇದೇನು ಎಂದು ಮೂಗು ಮುರಿದರು, ಒಬ್ಬರೂ ಬರುವುದಿಲ್ಲ ಎಂದರು.

“ಯಾರೂ ಬರೋದು ಬೇಡ. ನೀನು ಬಾ ಅಕ್ಕ. ನೀನು ಬಂದು ಮಡಿಲು ತುಂಬಿದ್ರೆ ಮದುವೆ, ಇಲ್ದಿದ್ರೆ ಹೀಗೇ ಇದ್ಬಿಡ್ತೀನಿ” ಎಂದಳು ಚಿಕ್ಕಮ್ಮ. ಅವಳು ಹೇಳಿದರೆ ಹೇಳಿದಂತೆ. ಅಕ್ಕತಂಗಿಯರಿಬ್ಬರದ್ದೂ ಒಂದೇ ಅಚ್ಚು.

ಅಮ್ಮನಿಗೆ ಹೋಗಲು ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಹೇಗೆ? ಎರಡು ರಾತ್ರಿಯ ರೈಲು, ಆ ಎತ್ತರದ ಮೆಟ್ಟಿಲು, ಓಡಾಡುವವರೆಲ್ಲ ಎಡವುವ ಕಾಲು. ಆಗ ಹೊಸ ಹೊಸ ಕಂಪನಿಗಳ ಅಗ್ಗದ ವಿಮಾನಗಳು ಹಾರಲು ಶುರುವಾಗಿದ್ದ ಕಾಲ. ನಾನು ವಿಜಯನಗರದ ಟ್ರಾವೆಲ್ಸಿಗೆ ಹೋಗಿ ವಿಚಾರಿಸಿದೆ. ಆ ಸೀಟುಗಳಲ್ಲಿ ನನ್ನ ಮಡಚುವ ಕಾಲಿಗೇ ಜಾಗ ಸಾಲದಂತೆ. ಟ್ರಾವೆಲ್ಸಿನವನು, “ಸಾರ್, ಸರ್ಕಾರದ್ದರಲ್ಲಿ ಬಿಸಿನೆಸ್ ಕ್ಲಾಸ್ ಇದೆ. ಮಂಚದ್ ಥರ ಕಾಲು ಚಾಚ್ಬೋದು” ಎಂದ. ಬೆಲೆ ಹೇಳಿದ. ನಾನು ಹೊಸ ಸ್ಕೂಟರಿಗೆಂದು ಎತ್ತಿಟ್ಟಿದ್ದೆಲ್ಲ ಸೇರಿದರೆ ಹೋಗುವುದಕ್ಕೆ ಅಂಥದೊಂದು ಸೀಟು, ಅದೇ ವಿಮಾನದ ಬಾಲದಲ್ಲಿ ನನಗೊಂದು ಮಾಮೂಲಿ ಸೀಟು ಆಗುತ್ತಿತ್ತು. ಸ್ಕೂಟರ್ ವಾಲಿಸಿಕೊಂಡು ಮನೆಗೆ ಬಂದೆ. ಸುಮಾ ಒಂದೇ ಮಾತಿನಲ್ಲಿ ತೀರ್ಮಾನಿಸಿದಳು. “ಸ್ಕೂಟರ್ ಇನ್ನೆರಡು ವರ್ಷ ವಾಲುತ್ತೆ ಬಿಡಿ.”

ಉಳಿದದ್ದು ಅಮ್ಮನನ್ನು ಒಪ್ಪಿಸುವುದು. ಬೆಲೆ ಕೇಳಿದರೆ ಅವಳು ಗೇಟಲ್ಲ, ಹೊಸ್ತಿಲೂ ದಾಟುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೆ ಒಂದು ಸುಳ್ಳು ಹೇಳಿದೆ. ಸುಳ್ಳು ಹೇಳುವುದರಲ್ಲಿ ನನಗೆ ಅಭ್ಯಾಸ ಸಾಲದು, ಹೇಳಿದರೆ ವಿವರ ಜಾಸ್ತಿಯಾಗಿಬಿಡುತ್ತದೆ.

“ಬಿಸಿನೆಸ್ ಕ್ಲಾಸ್ ಅಂತ ಇದೆ ಅಮ್ಮ. ಸ್ವಂತ ಬಿಸಿನೆಸ್ ಮಾಡೋರಿಗೆ ಅಂತ್ಲೇ ಸರ್ಕಾರ ಇಟ್ಟಿರೋ ಸೀಟು. ಕಾಲು ಚಾಚೋಕೆ ಜಾಗ, ರೇಟೂ ಮಾಮೂಲಿ. ನಿಂದು ಕುಚ್ಚಿನ ಬಿಸಿನೆಸ್ ಅಲ್ವಾ, ನಿಂಗೆ ಕೊಡ್ತಾರೆ.”

ಅಮ್ಮ ಗಂಟು ಹಾಕುತ್ತಿದ್ದ ಕೈ ನಿಲ್ಲಿಸಿದಳು. ಪೆನ್ಷನ್ನು ಒಂದು ತಿಂಗಳೂ ತಪ್ಪದೆ ಬಂದದ್ದರಿಂದ ಅವಳಿಗೆ ಸರ್ಕಾರದ ಮೇಲೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವೇ. “ನಮ್ಮಂಥೋರಿಗೂ ಇಟ್ಟಿದಾರಾ? ಪರವಾಗಿಲ್ವೇ” ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಆ ಗೆಲುವು ನೋಡಿ ನನಗೆ ಸುಳ್ಳಿನ ಬಗ್ಗೆ ಹೆಮ್ಮೆಯೇ ಆಯಿತು. ಮಾರನೆಯ ದಿನ ಬೆಳಿಗ್ಗೆ ಅದಕ್ಕೆ ಬಡ್ಡಿ ಕಟ್ಟಬೇಕಾಯಿತು. ಹಲ್ಲುಜ್ಜುತ್ತಿದ್ದೆ, ಅಮ್ಮ ಕೇಳಿದಳು.

“ಅಲ್ಲ ಕಣೋ, ನಂದು ಬಿಸಿನೆಸ್ಸು ಅಂತ ಅವ್ರಿಗೆ ಹೆಂಗೆ ಗೊತ್ತಾಗುತ್ತೆ? ಏನಾದ್ರೂ ಪುರಾವೆ ಕೇಳಿದ್ರೆ? ಒಂದು ಕಾರ್ಡು ಹೊಡ್ಸು.”

ಹಾಗೆ ನಾನು ವಿಜಯನಗರದ ಒಂದು ಪುಟ್ಟ ಪ್ರೆಸ್ಸಿಗೆ ಹೋದೆ. ಗದಗಿನ ಕಡೆಯಿಂದ ಬಂದು ಒಂದು ವರ್ಷವಾಗಿದ್ದ ಬಸಣ್ಣ ಅದನ್ನು ನಡೆಸುತ್ತಿದ್ದ. “ಅಂಗಡಿ ಹೆಸ್ರೇನ್ರೀ ಸರ?” ಎಂದ. ಹೆಸರಿಲ್ಲ ಎಂದೆ. “ಹೆಸ್ರಿಲ್ದ ಯಾಪಾರ ಹೆಂಗ್ ಆಗ್ತೈತ್ರಿ?” ಎಂದು ಅವನೇ ಸೆಂಟರ್ ಸೇರಿಸಿದ. ಪ್ರೂಫ್ ಬಂದಾಗ ಕುಚ್ಚಿನ ಕೊಂಬು ಬಿದ್ದುಹೋಗಿ ‘ಪದ್ಮಾ ಕಚ್ಚು ಸೆಂಟರ್’ ಆಗಿತ್ತು. ಅಮ್ಮ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಾನೇನು ಬೀದಿ ನಾಯೀನಾ?” ಆಮೇಲೆ ಕೊನೆಯ ಸಾಲನ್ನು ತಾನೇ ಹೇಳಿ ಬರೆಸಿದಳು. ನಾವು ಎಲ್ಲಿಗೂ ಬರುವುದಿಲ್ಲ. ವಿಮಾನ ಹತ್ತಲೆಂದು ಹೊಡೆಸಿದ ಕಾರ್ಡಿನಲ್ಲಿ ಆ ಸಾಲು ಯಾಕೆ ಎಂದು ಕೇಳಿದ್ದಕ್ಕೆ, “ಇದೊಂದ್ಸಲ ಹೋಗ್ಬರ್ತೀನಿ. ಆಮೇಲೆ ಮತ್ತೆ ಇಲ್ಲೇ ತಾನೆ ನಾನು?” ಎಂದಳು. ಆ ಮಾತು ನನಗೆ ಇಷ್ಟವಾಗಲಿಲ್ಲ, ಆದರೂ ಬರೆದುಕೊಂಡು ಹೋದೆ.

ಚಿಕ್ಕಮ್ಮನಿಗೆಂದು ಅಮ್ಮ ಒಂದು ಕೆಂಪು ರೇಷ್ಮೆ ಸೀರೆ ತರಿಸಿದ್ದಳು. ಮೊದಲ ಮದುವೆ ಅವಸರದ್ದು. ಆ ಸೀರೆಗೆ ಕುಚ್ಚೇ ಕಟ್ಟಿರಲಿಲ್ಲವಂತೆ, ಎಳೆ ಜೋಲಾಡುವ ಸೆರಗಿನಲ್ಲೇ ತಂಗಿ ಹಸೆಗೆ ಕೂತಿದ್ದಳಂತೆ. ಅಮ್ಮನಿಗೆ ಆಗ ಕುಚ್ಚು ಬರುತ್ತಿರಲಿಲ್ಲ. ಅದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಈ ಸಲ ಆಗಬಾರದು ಎಂದುಕೊಂಡರೂ ಮದುವೆ ಸೀಸನ್ನು, ಊರವರ ಸೀರೆಗಳ ರಾಶಿ. ತಂಗಿಯದು ಕೊನೆಗೆ ಬಂದು ಅರ್ಧಕ್ಕೇ ನಿಂತಿತ್ತು. ಮದುವೆಯ ಹಿಂದಿನ ದಿನ ನಮ್ಮ ಪ್ರಯಾಣ. ಮಿಕ್ಕರ್ಧ ವಿಮಾನದಲ್ಲಿ ಕಟ್ಟುತ್ತೇನೆಂದು ಸೂಜಿ, ಕತ್ತರಿ, ಬಾಚಣಿಗೆ ಎಲ್ಲ ಕೈಚೀಲಕ್ಕೆ ಹಾಕಿಕೊಂಡಳು.

ಆಗಿನ್ನೂ ವಿಮಾನ ನಿಲ್ದಾಣ ಊರೊಳಗೇ ಇತ್ತು, ಆದರೆ ನಮ್ಮ ಪಾಲಿಗೆ ಊರಿನ ಆ ತುದಿ. ಟ್ಯಾಕ್ಸಿಯ ಮುಂದಿನ ಸೀಟು ಹಿಂದಕ್ಕೆ ತಳ್ಳಿ ಅಮ್ಮನನ್ನು ಕೂರಿಸಿದೆವು. ಮೂರು ವರ್ಷದಲ್ಲಿ ಬೆಂಗಳೂರು ಎಷ್ಟು ಬದಲಾಗಿದೆ ಎಂದು ದಾರಿಯುದ್ದಕ್ಕೂ ಬೈದಳು. ಕೌಂಟರಿನಲ್ಲಿ ನಾನು ಟಿಕೆಟ್ಟು ಮುಂದಿಟ್ಟರೆ ಅವಳು ಅದರ ಮೇಲೆ ಗುಲಾಬಿ ಕಾರ್ಡು ಇಟ್ಟಳು. ಕೌಂಟರಿನ ಹುಡುಗಿ ಕಾರ್ಡು ಓದಿದಳು, ಅಮ್ಮನ ಮುಖ ನೋಡಿದಳು.

“ನಂದು ಸ್ವಂತ ಬಿಸಿನೆಸ್ಸಮ್ಮ. ಇಪ್ಪತ್ತೆರಡು ವರ್ಷ ಆಯ್ತು” ಎಂದಳು ಅಮ್ಮ.

ಹುಡುಗಿ ನನ್ನತ್ತ ತಿರುಗಿದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳ ತುಟಿಯಂಚಿನಲ್ಲಿ ನಗು ಬಂದು ನಿಂತಿತು. “ಗೊತ್ತಾಗುತ್ತೆ ಬಿಡಿ ಅಮ್ಮ. ಈ ಕಾರ್ಡು ನಾನೇ ಇಟ್ಕೊಳ್ಲಾ? ನಮ್ಮಮ್ಮಂದೂ ಎರಡು ಸೀರೆ ಇದೆ” ಎಂದಳು. ಅವಳು ಎಲ್ಲಿದ್ದರೂ ಚೆನ್ನಾಗಿರಲಿ. ವ್ಹೀಲ್‌ಚೇರ್ ತರಿಸಲಾ ಎಂದೂ ಕೇಳಿದಳು. ಅಮ್ಮ ಬೇಡವೇ ಬೇಡ ಎಂದು ಕೋಲೂರಿಕೊಂಡು, ಯಾರಿಗೂ ಕಾಲು ತಾಗದ ಹಾಗೆ ಗೋಡೆಯ ಪಕ್ಕದಲ್ಲೇ ಅಷ್ಟು ದೂರವೂ ನಡೆದಳು.

ತಪಾಸಣೆಯಲ್ಲಿ ಕತ್ತರಿ, ಸೂಜಿ ಎರಡನ್ನೂ ತೆಗೆದಿಟ್ಟುಕೊಂಡರು. ಅದು ಅಲ್ಲಿಯ ನಿಯಮ, ಗೊತ್ತಿರದಿದ್ದುದು ನಮ್ಮ ತಪ್ಪು. “ಕತ್ತರಿ ಇಲ್ದೆ ಅದೇನು ಬಿಸಿನೆಸ್ ಕ್ಲಾಸೋ” ಎಂದು ಅಮ್ಮ ಗೊಣಗಿದಳು. ಬಾಚಣಿಗೆ ಮಾತ್ರ ಉಳಿಯಿತು.

ವಿಮಾನದ ಬಾಗಿಲಲ್ಲಿ ನಾವು ಬೇರೆಯಾದೆವು. ಅವಳನ್ನು ಮುಂದಿನ ಅಗಲ ಸೀಟಿನಲ್ಲಿ ಕೂರಿಸಿ, ನಾನು ನಡೆದು, ಇನ್ನೂ ನಡೆದು, ಟಾಯ್ಲೆಟ್ಟಿನ ಪಕ್ಕದ ನನ್ನ ಸೀಟು ಸೇರಿದೆ. ವಿಮಾನ ಮೇಲೇರಿದ ಮೇಲೆ ಯಾರೋ ನಡುವಿನ ಪರದೆ ಎಳೆದರು. ಹಾಗಾಗಿ ಓದುಗರೇ, ಬಿಸಿನೆಸ್ ಕ್ಲಾಸಿನ ಬಗ್ಗೆ ನನ್ನ ಅನುಭವವೆಲ್ಲ ಪರದೆಯ ಈಚೆಯದು. ಮಗ್ಗಿ ಕಲಿಯುವಾಗಲೂ ಹಾಗೇ ಆಗಿತ್ತು.

ಅಲ್ಲಿ ಕೂತು ಎಷ್ಟು ಚಿಂತಿಸಿದೆನೋ. ಅಮ್ಮನಿಗೆ ಹಿಂದಿ ಬರುವುದಿಲ್ಲ. ಪಕ್ಕದವರ ಮೇಲೆ ಏನಾದರೂ ಚೆಲ್ಲಿದರೆ? ಯಾರಾದರೂ ಎಡವಿ, ಸೋದರತ್ತೆಯ ಥರ ಒಂದು ಮಾತು ಆಡಿದರೆ? ಆಡಿದರೆ ಅವಳು ಇನ್ನೆಂದಿಗೂ ಮನೆ ಬಿಟ್ಟು ಏಳುವುದಿಲ್ಲ. ಎದ್ದು ಪರದೆಯ ಹತ್ತಿರ ಹೋದೆ. ಸೀರೆಯುಟ್ಟ ಗಗನಸಖಿ, ಟಾಯ್ಲೆಟ್ ಹಿಂದಿದೆ ಎಂದು ಇಂಗ್ಲಿಷಿನಲ್ಲಿ ನಯವಾಗಿ ಹೇಳಿದಳು. ವಾಪಸ್ಸು ಬಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೋದೆ. ಈ ಸಲ ಅವಳ ಧ್ವನಿಯಲ್ಲಿ ನನ್ನ ಆರೋಗ್ಯದ ಬಗ್ಗೆ ಕಾಳಜಿಯಿತ್ತು. ಮೂರನೆಯ ಸಲ ಹೋದಾಗ, ನಾನು ಮುಂದೆ ಕೂತಿರುವ ಹಿರಿಯರ ಮಗ ಎಂದು ಹೇಳಿದೆ. ಅವಳು ಮುಖ ಅರಳಿಸಿ, ತನ್ನ ಸೆರಗಿನ ತುದಿಯನ್ನು ಎತ್ತಿ ತೋರಿಸಿದಳು. ಅದಕ್ಕೆ ಕುಚ್ಚಿಲ್ಲವೆಂದು ಅಮ್ಮ ಆಗಲೇ ಕಂಡುಹಿಡಿದು ಒಂದು ಕಾರ್ಡು ಕೊಟ್ಟಾಗಿತ್ತಂತೆ. ಆಮೇಲೆ ಅವಳೇ ಪರದೆಯನ್ನು ನಾಲ್ಕು ಬೆರಳು ಸರಿಸಿ, ನೋಡಿ ಎಂದಳು.

ನೋಡಿದೆ. ಅಮ್ಮನ ಕಾಲು ಉದ್ದಕ್ಕೆ ಚಾಚಿಕೊಂಡಿತ್ತು, ಅದರಾಚೆಗೂ ಜಾಗ ಮಿಕ್ಕಿತ್ತು. ಕಾಲಿನ ಮೇಲೆ ಕೆಂಪು ಸೀರೆ ಹರಡಿತ್ತು. ಪಕ್ಕದ ಸೀಟಿನಲ್ಲಿ ಕೋಟು, ಟೈ ಹಾಕಿದ ಅರವತ್ತರ ಒಬ್ಬರು, ಲ್ಯಾಪ್‌ಟಾಪ್ ಮುಚ್ಚಿಟ್ಟು, ಎರಡೂ ಕೈಯಲ್ಲಿ ಸೆರಗಿನ ಎಳೆಗಳನ್ನು ಬಿಗಿಯಾಗಿ ಹಿಡಿದು ಅಲುಗಾಡದೆ ಕೂತಿದ್ದರು. ಅಮ್ಮ ಸೂಜಿಯಿಲ್ಲದೆ ಬರೀ ಬೆರಳಿನಲ್ಲಿ ಗಂಟು ಹಾಕುತ್ತಿದ್ದಳು. “ಸಡ್ಲ ಬಿಡ್ಬೇಡಿ ಸ್ವಾಮಿ” ಎಂದಳು. “ಇಲ್ಲಮ್ಮ, ಇಲ್ಲಮ್ಮ” ಎಂದರು ಅವರು. ಅವರ ಮೂಗು ತುರಿಸುತ್ತಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಕೆಲಸ ಇನ್ನೊಬ್ಬರು ಮಾಡುವುದನ್ನು ನೋಡಿ ಹೊಟ್ಟೆಯುರಿ ಆಯಿತು, ಕಣ್ಣೂ ತುಂಬಿತು. ನನ್ನ ಸೀಟಿಗೆ ಹೋಗಿ ಕೂತು, ಕೊಟ್ಟದ್ದನ್ನೆಲ್ಲ ತಿಂದು, ದೆಹಲಿ ಬರುವ ತನಕ ನಿದ್ದೆ ಮಾಡಿದೆ.

ಆ ಮನುಷ್ಯರ ಹೆಸರು ಮೂರ್ತಿ, ರಾಜಾಜಿನಗರದಲ್ಲಿ ಬೋಲ್ಟು ನಟ್ಟು ಮಾಡುವ ಶೆಡ್ಡು ಇಟ್ಟುಕೊಂಡವರು ಎಂದು ಅಮ್ಮ ಇಳಿಯುತ್ತಾ ಹೇಳಿದಳು. “ನಿಮ್ದೇನು ಬಿಸಿನೆಸ್ಸು ಅಂತ ನಾನೇ ಕೇಳ್ದೆ. ಹೇಳಿದ್ರು. ನಂದು ಕುಚ್ಚು ಅಂದೆ. ನೋಡ್ಬೇಕು ಅಂದ್ರು. ತೆಗ್ದೆ.”

ಮದುವೆ ಚೆನ್ನಾಗಿ ಆಯಿತು. ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿ, ಆಮೇಲೆ ಮನೆಯಲ್ಲಿ ಹತ್ತು ಜನರ ಮುಂದೆ ಹಾರ. ಉದ್ದ ಗಿಡ್ಡವಾಗಿದ್ದ ಕುಚ್ಚಿನ ತುದಿಗಳನ್ನು ಚಿಕ್ಕಮ್ಮ ತನ್ನ ಆಸ್ಪತ್ರೆಯ ಬ್ಯಾಂಡೇಜು ಕತ್ತರಿ ತಂದು ತಾನೇ ಸಮ ಮಾಡಿದಳು. ಮಡಿಲು ತುಂಬುವ ಹೊತ್ತಿಗೆ ಅಮ್ಮ ಹಿಂಜರಿದಳು. “ನಾನು ತುಂಬಬಾರ್ದು ಕಣೇ ರತ್ನಾ, ಬೇರೆ ಯಾರಾದ್ರೂ ಮುತ್ತೈದೆ ಕೈಲಿ...” ಚಿಕ್ಕಮ್ಮ ಮಾತು ಮುಗಿಸಲು ಬಿಡದೆ ಸೆರಗೊಡ್ಡಿ ನಿಂತಳು. “ಓದ್ಸೋವಾಗ ನೀನು, ಊರೋರ್ ಹತ್ರ ಬೈಸ್ಕೊಳೋವಾಗ ನೀನು. ಮಡಿಲಿಗೆ ಮಾತ್ರ ಬೇರೆಯೋರಾ? ಹಾಕು.” ಅಮ್ಮ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿದಳು. ಇಬ್ಬರೂ ಅತ್ತರು. ಬಿಷ್ಟಪ್ಪನವರಿಗೆ ಒಂದು ಅಕ್ಷರ ಅರ್ಥವಾಗದಿದ್ದರೂ ಅವರೂ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಊಟವಾದ ಮೇಲೆ ಅಮ್ಮ ನನ್ನನ್ನು ಬಾಲ್ಕನಿಗೆ ಕರೆದಳು.

“ಮೂರ್ತಿಗಳು ಹೇಳಿದ್ರು. ಅದು ಬಿಸಿನೆಸ್ ಮಾಡೋರ್ ಸೀಟಲ್ವಂತೆ. ದುಡ್ಡಿರೋರ್ ಸೀಟಂತೆ.”

ನಾನು ಕೆಳಗೆ ಬೀದಿಯಲ್ಲಿ ಹೋಗುವ ಸ್ಕೂಟರುಗಳನ್ನು ಎಣಿಸತೊಡಗಿದೆ.

“ಎಷ್ಟು?”

ಹೇಳಿದೆ. ಅಮ್ಮನಿಗೆ ಎಲ್ಲದಕ್ಕೂ ಸೀರೆಯೇ ಅಳತೆ. ಬೆರಳು ಮಡಿಸುತ್ತಾ ಹೋಗಿ, ಎರಡು ಸುತ್ತು ಮುಗಿದರೂ ಸಾಲದೆ ಕೈಬಿಟ್ಟಳು. “ನಿನ್ನ ಸ್ಕೂಟ್ರು” ಎಂದಳು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಬರಲಿಲ್ಲ.

“ಒಬ್ರೂ ಎಡವಲಿಲ್ಲ ಕಣೋ” ಎಂದಳು. “ಎರಡೂಮುಕ್ಕಾಲು ಗಂಟೆ. ಆ ಹುಡ್ಗಿ ಎಷ್ಟು ಸಲ ಓಡಾಡ್ಲಿಲ್ಲ, ಮೂರ್ತಿಗಳು ಎಷ್ಟು ಸಲ ಎದ್ದು ಹೋಗ್ಲಿಲ್ಲ! ನಂಗೆ ಕಾಲಿದೆ ಅನ್ನೋದೇ ಮರ್ತೋಗಿತ್ತು.” ಕೋಲನ್ನು ಗೋಡೆಗೆ ಒರಗಿಸಿ ಮುಂದುವರಿಸಿದಳು. “ವಾಪಸ್ ಬರೋವಾಗ ಆ ಸೀಟು ಬೇಡ. ಮಾಮೂಲಿ ಸೀಟಲ್ಲೂ ಎಲ್ಲಕ್ಕಿಂತ ಮುಂದಿನ ಸಾಲಿಗೆ ಜಾಗ ಇರುತ್ತಂತೆ. ಕಾಲು ಹಿಂಗಿದೆ ಅಂತ ಹೇಳಿದ್ರೆ ಕೊಡ್ತಾರಂತೆ. ಮೂರ್ತಿಗಳು ಹೇಳಿದ್ರು. ಬಾಯ್ಬಿಟ್ಟು ಕೇಳ್ಬೇಕು ಅಷ್ಟೆ.”

ನನಗೆ ರಜೆಯಿರಲಿಲ್ಲ, ಮಾರನೆಯ ದಿನವೇ ರೈಲು ಹತ್ತಿದೆ. ಅಮ್ಮ ಹದಿನೈದು ದಿನ ಅಲ್ಲೇ ಇದ್ದು ಒಬ್ಬಳೇ ವಿಮಾನದಲ್ಲಿ ಬಂದಳು, ಮಾಮೂಲಿ ಸೀಟಿನಲ್ಲಿ. ನಾನು ನಿಲ್ದಾಣದ ಹೊರಗೆ ಕತ್ತು ಉದ್ದ ಮಾಡಿಕೊಂಡು ನಿಂತಿದ್ದೆ. ಗೋಡೆಯ ಪಕ್ಕದಿಂದ ಕೋಲೂರಿಕೊಂಡು ಬರುವ ಹೆಂಗಸನ್ನು ಹುಡುಕುತ್ತಿದ್ದರೆ, ಜನರ ನಟ್ಟನಡುವೆ ಒಂದು ವ್ಹೀಲ್‌ಚೇರ್ ಬಂತು. ಕಾಲು ಫಿರಂಗಿಯ ಹಾಗೆ ಮುಂದಕ್ಕೆ ಚಾಚಿತ್ತು, ಮಡಿಲಲ್ಲಿ ದೆಹಲಿಯ ಸಿಹಿತಿಂಡಿ ಡಬ್ಬಗಳು. ಎದುರಿಗೆ ಬಂದವರಿಗೆ ಅಮ್ಮ ಕೈಯಾಡಿಸಿ, “ಸ್ವಲ್ಪ ಆ ಕಡೆಯಿಂದ ಬನ್ನಿ, ಈ ಕಾಲು ಮಡಚಲ್ಲ” ಎನ್ನುತ್ತಿದ್ದಳು. 

“ಮುಂದಿನ ಸಾಲು ಕೊಟ್ರಾ?” ಎಂದೆ.

“ಕೇಳ್ದೆ. ಕೊಟ್ರು” ಎಂದಳು.

ಮುಂದಿನ ತಿಂಗಳು ಬಸವೇಶ್ವರನಗರದ ಅದೇ ಛತ್ರದಲ್ಲಿ ಒಂದು ಮದುವೆ. ಆಟೋ ತಾ ಎಂದು ಅವಳೇ ಹೇಳಿದಳು. ಪಂಕ್ತಿಯ ಕೊನೆಯಲ್ಲೇ ಕೂತಳು. ಬಡಿಸುವವನು ಸಾಂಬಾರಿನ ಬಕೀಟು ಹಿಡಿದು ಓಡಿ ಬಂದ. ನಾನು ಕಣ್ಣು ಮುಚ್ಚಿಕೊಂಡೆ. “ಸುತ್ತಿ ಹೋಗಪ್ಪ, ಕಾಲಿದೆ ಇಲ್ಲಿ” ಎಂಬ ಅಮ್ಮನ ದನಿ ಕೇಳಿತು. ಅವನು ಸುತ್ತಿ ಹೋದ. ಇಷ್ಟು ಸುಲಭವೇ ಎಂದು ನನಗೆ ಅಳು ಬರುವಂತಾಯಿತು. ಆ ಒಂದು ಮಾತು ಬಾಯಿಗೆ ಬರಲು ಮೂರು ವರ್ಷ ಮತ್ತು ಒಂದು ಸ್ಕೂಟರು ಬೇಕಾಯಿತು.

ಬಿಸಿನೆಸ್ ಕ್ಲಾಸಿನ ಊಟ ಹೇಗಿತ್ತು ಎಂದು ಡ್ರಿಲ್ ಮೇಷ್ಟ್ರು ನಾಳೆ ಕೇಳಿಯೇ ಕೇಳುತ್ತಾರೆ. ಅಮ್ಮ ಊಟವನ್ನೇ ಮಾಡಲಿಲ್ಲ, ಕುಚ್ಚಿಗೆ ಎಣ್ಣೆ ತಾಗುತ್ತದೆಂದು ತಟ್ಟೆ ಹಿಂದಕ್ಕೆ ಕಳಿಸಿದ್ದಳು. ನಾಗರಾಜ್ ಮೇಷ್ಟ್ರು ಹೆಂಡತಿಯನ್ನು ಯಾವ ಸೀಟಿನಲ್ಲಿ ಕರೆದುಕೊಂಡು ಹೋಗಬೇಕೋ ನನಗೆ ಗೊತ್ತಿಲ್ಲ. ಕಾಲು ಮಡಚುವವರಿಗೆ ಅಷ್ಟು ದುಡ್ಡು ದಂಡವೇ ಇರಬಹುದು. ನಾನು ಅವರಿಗೆ ಎರಡು ಕಾರ್ಡು ತೋರಿಸುತ್ತೇನೆ. ಎರಡನೆಯದೂ ಲಾಗರಿದಮ್ ಪುಸ್ತಕದಲ್ಲೇ ಇದೆ, ಮೊದಲನೆಯದು ಮುಗಿದ ಮೇಲೆ ಬಸಣ್ಣನ ಪ್ರೆಸ್ಸಿನಲ್ಲೇ ಹೊಡೆಸಿದ್ದು. ಈ ಸಲ ಪ್ರೆಸ್ಸಿಗೆ ಅಮ್ಮನೇ ಹೋಗಿದ್ದಳು.

ಇದನ್ನು ಬರೆಯುವ ಹೊತ್ತಿಗೆ ಕತ್ತಲಾಗುತ್ತಾ ಬಂತು, ಅಮ್ಮ ಇನ್ನೂ ಮನೆಗೆ ಬಂದಿಲ್ಲ. ಹೇರೋಹಳ್ಳಿಯಲ್ಲಿ ಯಾರದೋ ಮಗಳ ಮದುವೆ, ಹನ್ನೊಂದು ಸೀರೆ, ಬೆಳಿಗ್ಗೆಯೇ ಹೋದಳಂತೆ. ಆ ಕಡೆಯ ರಸ್ತೆಗಳು ನಿಮಗೆ ಗೊತ್ತೇ ಇವೆ. ಆಟೋದಿಂದ ಅರ್ಧ ಕಾಲು ಹೊರಗೆ ಚಾಚಿಕೊಂಡು, ಪ್ರತಿ ಹಳ್ಳಕ್ಕೂ ಒಂದೊಂದು ಬೈಗುಳ ಕೊಟ್ಟುಕೊಂಡು ಬರುತ್ತಿರುತ್ತಾಳೆ. ಎರಡನೆಯ ಕಾರ್ಡೂ ಗುಲಾಬಿ ಬಣ್ಣದ್ದೇ. ಹೆಸರು ಅದೇ, ಕೆಲಸ ಅದೇ. ಕೊನೆಯ ಸಾಲು ಮಾತ್ರ ಬೇರೆ:

ಕರೆದರೆ ಎಲ್ಲಿಗಾದರೂ ಬಂದು ಕಟ್ಟಿಕೊಡಲಾಗುವುದು.